ಬೀಜಸ್ವಭಾವವೂ ಪರಿಸರವೂ: ನಿದ್ರೆಯಲ್ಲಿನ ಶ್ವಾಸರೋಧವನ್ನು ಕುರಿತು

ಗೊರಕೆ ಹೊಡೆಯುವವನನ್ನು ಕಂಡು ಸುಖನಿದ್ರೆಯಲ್ಲಿದ್ದಾನೆಂದು ಭಾವಿಸುವುದೂ, ಅವನೇ ಮರುದಿನ ಕುಳಿತಲ್ಲಿ ತೂಕಡಿಸಿದರೆ ಸೋಮಾರಿಯೆಂದು ಜರೆಯುವುದೂ ನಮ್ಮ ಶಿರಹಟ್ಟಿಯ ಸೀಮೆಯಲ್ಲಿ ವಾಡಿಕೆಯಾಗಿದೆ. ಮಧ್ಯಾಹ್ನದ ತರಗತಿಯಲ್ಲಿ ತೂಕಡಿಸುವ ವಿದ್ಯಾರ್ಥಿಯನ್ನು ಅಧ್ಯಾಪಕರಾದ ನಾವೂ ಗದರಿಸಿದ್ದುಂಟು. ಇವೆರಡೂ ಒಂದೇ ವ್ಯಾಧಿಯ ಲಕ್ಷಣಗಳಾಗಿರಬಹುದು. ಆ ವ್ಯಾಧಿಯಲ್ಲಿ ವಂಶದ ಪಾಲೆಷ್ಟು, ಪರಿಸರದ ಪಾಲೆಷ್ಟು ಎಂಬುದನ್ನು ಪ್ರಕೃತ ಲೇಖನದಲ್ಲಿ ವಿವೇಚಿಸಲು ಉದ್ದೇಶಿಸಿದ್ದೇವೆ.

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ಶ್ವಾಸಮಾರ್ಗವು ಇಕ್ಕಟ್ಟಾಗಿರುವವರಲ್ಲಿ ಅದು ಮುಚ್ಚಿಕೊಂಡು, ಹತ್ತು ಸೆಕೆಂಡು ಅಥವಾ ಅದಕ್ಕೂ ಹೆಚ್ಚು ಕಾಲ ಉಸಿರು ನಿಲ್ಲುತ್ತದೆ. ರಕ್ತದಲ್ಲಿ ಆಮ್ಲಜನಕವು ಕುಗ್ಗಲು, ಮಿದುಳು ಕ್ಷಣಮಾತ್ರ ಎಚ್ಚೆತ್ತು ಉಸಿರನ್ನು ಮರಳಿ ತರುತ್ತದೆ. ಇಂಥ ತಡೆಗಳು ಗಂಟೆಗೆ 5ಕ್ಕಿಂತ ಕಡಿಮೆಯಿದ್ದರೆ ಸಾಮಾನ್ಯವೆನ್ನುತ್ತಾರೆ. 30 ಮುಟ್ಟಿದರೆ ತೀವ್ರವೆನ್ನುತ್ತಾರೆ. ಮಲಗಿದವನಿಗೆ ಇದರ ಅರಿವೇ ಇರುವುದಿಲ್ಲ. ಎಂಟು ಗಂಟೆ ಮಲಗಿಯೂ ಆತನು ನಿದ್ದೆಗೆಟ್ಟವನಂತೆ ಏಳುತ್ತಾನೆ.

ಈ ವಿಚಾರಕ್ಕೆ ದೀರ್ಘವಾದ ಇತಿಹಾಸವಿದೆ. ಅತಿಸ್ಥೂಲರಲ್ಲಿ ನಿದ್ರಾಧಿಕ್ಯವನ್ನೂ ಉಸಿರಿನ ತಡೆಯನ್ನೂ ಸುಶ್ರುತಸಂಹಿತೆಯು ಹೆಸರಿಸಿದೆ. ಚರಕಸಂಹಿತೆಯು ಅತಿಸ್ಥೌಲ್ಯದ ಕಾರಣಗಳನ್ನು ಎಣಿಸುವಾಗ ಅತಿಭೋಜನ, ವ್ಯಾಯಾಮದ ಅಭಾವ, ಹಗಲುನಿದ್ದೆಗಳ ಜೊತೆಯಲ್ಲಿಯೇ ‘ಬೀಜಸ್ವಭಾವ’ವನ್ನೂ ಸೇರಿಸಿದೆ. ಇಂದಿನ ವ್ಯಾಧಿಯನ್ನು ಪ್ರಾಚೀನರು ಪೂರ್ಣವಾಗಿ ಅರಿತಿದ್ದರೆಂದು ಇದರಿಂದ ಸಾಧಿಸಹೊರಡುವುದು ಅತಿಶಯೋಕ್ತಿಯಾದೀತು. ಆದರೆ ಹುಟ್ಟನ್ನೂ ನಡೆವಳಿಕೆಯನ್ನೂ ಒಂದೇ ಪಟ್ಟಿಯಲ್ಲಿಟ್ಟ ಅವರ ದೃಷ್ಟಿ ಗಮನಾರ್ಹವಾದುದು. ಯುರೋಪಿನಲ್ಲಿ ಡಿಕನ್ಸನ ‘ಪಿಕ್‌ವಿಕ್ ಪೇಪರ್ಸ್’ ಕಾದಂಬರಿಯ ತೂಕಡಿಸುವ ಹುಡುಗನನ್ನು ನೆನೆದು, 1956ರಲ್ಲಿ ಅಮೆರಿಕದ ವೈದ್ಯರು ಸ್ಥೂಲಕಾಯರ ಇಂಥ ಸ್ಥಿತಿಯೊಂದಕ್ಕೆ ಆ ಕಾದಂಬರಿಯ ಹೆಸರನ್ನೇ ಇಟ್ಟರು. ನಿದ್ರೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವುದನ್ನು 1965ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು ಯಂತ್ರಗಳಿಂದ ದಾಖಲಿಸಿದರು.

ಇನ್ನು ವಂಶದ ಪಾಲು. ಒಂದೇ ಅಂಡದಿಂದ ಹುಟ್ಟಿದ ಅವಳಿಗಳ ವಂಶವಾಹಿಗಳು ಒಂದೇ. ಎರಡು ಅಂಡಗಳಿಂದ ಹುಟ್ಟಿದವರಲ್ಲಿ ಅವು ಸರಾಸರಿ ಅರ್ಧದಷ್ಟು ಸಮಾನ. ಈ ಎರಡು ಬಗೆಯ ಅವಳಿಗಳನ್ನು ಹೋಲಿಸಿದರೆ ಹುಟ್ಟಿನ ಪ್ರಭಾವವನ್ನು ಅಳೆಯಬಹುದು. ಬ್ರಿಟನ್ನಿನ ಅವಳಿ ಸ್ತ್ರೀಯರನ್ನು ಕುರಿತು 2004ರಲ್ಲಿ ಪ್ರಕಟವಾದ ಅಧ್ಯಯನವು, ತೀವ್ರ ಗೊರಕೆ ಮತ್ತು ಹಗಲುನಿದ್ದೆಗಳಲ್ಲಿ ವ್ಯಕ್ತಿವ್ಯಕ್ತಿಗಳ ನಡುವಣ ಅಂತರದ ಸುಮಾರು ಅರ್ಧಭಾಗವು ವಂಶವಾಹಿಗಳಿಂದ ಬಂದುದೆಂದು ತಿಳಿಸಿತು. ಇದು ಜನಸಮುದಾಯದ ಲೆಕ್ಕವೇ ಹೊರತು, ಒಬ್ಬನ ವ್ಯಾಧಿಯಲ್ಲಿ ಅರ್ಧ ತಂದೆತಾಯಿಗಳದೆಂದು ಅರ್ಥವಲ್ಲ. ದವಡೆಯ ರಚನೆ, ಕೊಬ್ಬು ಶೇಖರವಾಗುವ ಬಗೆ, ಉಸಿರಾಟದ ನಿಯಂತ್ರಣ ಇವೆಲ್ಲವೂ ವಂಶದಲ್ಲಿ ಬರುತ್ತವೆ. ಕಿರಿದಾದ ದವಡೆಯವರು ದಪ್ಪಗಿಲ್ಲದಿದ್ದರೂ ಈ ವ್ಯಾಧಿಗೆ ತುತ್ತಾಗುವುದುಂಟು. 2004ರಲ್ಲಿಯೇ ಪ್ರಕಟವಾದ ಮುಂಬಯಿಯ ಅಧ್ಯಯನವೊಂದರಲ್ಲಿ, 35ರಿಂದ 65 ವಯಸ್ಸಿನ ಪುರುಷರಲ್ಲಿ ಶೇಕಡಾ 7.5ರಷ್ಟು ಮಂದಿಗೆ ಹಗಲುನಿದ್ದೆಯೊಡಗೂಡಿದ ಈ ವ್ಯಾಧಿಯಿರುವುದು ಕಂಡುಬಂದಿತು.

ಉಳಿದ ಪಾಲು ಪರಿಸರದ್ದು. ಮೈತೂಕದ ಏರಿಕೆ, ಮದ್ಯ, ಧೂಮಪಾನ, ಅಂಗಾತ ಮಲಗುವ ರೂಢಿ ಇವು ಶ್ವಾಸರೋಧವನ್ನು ಹೆಚ್ಚಿಸುತ್ತವೆ. ಆದರೆ ಹಗಲಲ್ಲಿ ತೂಕಡಿಸುವವರೆಲ್ಲರೂ ಶ್ವಾಸರೋಧದ ರೋಗಿಗಳಲ್ಲ. ರಾತ್ರಿ ಕರೆಂಟು ಬಂದಾಗ ಪಂಪ್‌ಸೆಟ್ ಹಚ್ಚಿ ಹೊಲಕ್ಕೆ ನೀರು ಹಾಯಿಸುವ ರೈತನಿಗೂ, ರಾತ್ರಿಪಾಳಿಯ ಬಸ್ಸಿನ ಚಾಲಕನಿಗೂ ನಿದ್ರೆಯೇ ಸಾಲದು. ಈ ಭೇದವನ್ನು ತಿಳಿಯಲು ಮೊದಲು ಕೇಳಬೇಕಾದವರು ಅವರ ಮನೆಯವರು. ಗೊರಕೆಯ ನಡುವೆ ಉಸಿರು ನಿಲ್ಲುತ್ತದೆಯೇ? ಒಡಹುಟ್ಟಿದವರಲ್ಲಿ, ಹೆತ್ತವರಲ್ಲಿ ಹೀಗುಂಟೇ? ಶಾಸನಗಳಲ್ಲಿ ದಾನಿಗಳ ವಂಶಾವಳಿಯನ್ನು ಅರಸುವ ನಮಗೆ ಇಂಥ ಪ್ರಶ್ನೆ ಹೊಸದೇನಲ್ಲ.

ವಂಶದಿಂದ ಬಂದುದೆಲ್ಲವೂ ಅಸಾಧ್ಯವ್ಯಾಧಿಯೆಂದು ಕೈಚೆಲ್ಲಬೇಕಾಗಿಲ್ಲ. 1981ರಲ್ಲಿ ಆಸ್ಟ್ರೇಲಿಯದ ಕಾಲಿನ್ ಸಲ್ಲಿವನ್ ಮತ್ತು ಸಂಗಡಿಗರು, ಮೂಗಿನ ಮೂಲಕ ಗಾಳಿಯ ಒತ್ತಡವಿತ್ತು ಶ್ವಾಸಮಾರ್ಗವನ್ನು ತೆರೆದಿಡುವ ಚಿಕಿತ್ಸೆಯನ್ನು ಪ್ರಕಟಿಸಿದರು. ಹುಟ್ಟಿನಿಂದ ಬಂದ ದವಡೆಯನ್ನು ಬದಲಿಸದೆಯೇ ಅದು ಉಸಿರನ್ನು ಉಳಿಸುತ್ತದೆ. ಚಿಕಿತ್ಸೆಯಿಲ್ಲದೆ ಬಿಟ್ಟ ತೀವ್ರ ಶ್ವಾಸರೋಧವು ರಕ್ತದೊತ್ತಡ ಹಾಗೂ ಹೃದ್ರೋಗಗಳೊಡನೆ ಸಂಬಂಧವುಳ್ಳದ್ದು. ಚಾಲಕನಲ್ಲಿದ್ದರೆ ಪ್ರಯಾಣಿಕರ ಪ್ರಾಣಕ್ಕೂ ಅಪಾಯ. ಆದುದರಿಂದ ಪದೇ ಪದೇ ತೂಕಡಿಸುವವನಿಗೆ ಮೊದಲು ಸಲ್ಲಬೇಕಾದುದು ನಿಂದೆಯಲ್ಲ, ವೈದ್ಯಪರೀಕ್ಷೆ. ನಮ್ಮ ತರಗತಿಗಳ ಮಟ್ಟಿಗಾದರೂ ಈ ವಿವೇಕವು ರೂಢಿಗೆ ಬರಬೇಕೆಂದು ಆಶಿಸುತ್ತೇವೆ.