ಗುಂಡಿನ ಮೇಲಿನ ಅಂಗಿ

ಸೀಸ ಬಲು ಮೆತ್ತನೆಯ ಲೋಹ. ಉಗುರಿನಿಂದ ಗೀರಿದರೂ ಅದರ ಮೇಲೆ ಗೆರೆ ಮೂಡುತ್ತದೆ. 327 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಕರಗಿ ನೀರಾಗುತ್ತದೆ. ಆದರೆ ತೂಕದಲ್ಲಿ ಕಬ್ಬಿಣವನ್ನು ಮೀರಿಸುತ್ತದೆ. ಮೆದು, ಭಾರ, ಸುಲಭವಾಗಿ ಅಚ್ಚಿಗೆ ಬೀಳುವ ಸ್ವಭಾವ, ಈ ಮೂರೂ ಒಂದೆಡೆ ಕೂಡಿದ್ದರಿಂದಲೇ ಕೋವಿ ಹುಟ್ಟಿದ ಕಾಲದಿಂದಲೂ ಗುಂಡಿಗೆ ಸೀಸವೇ ಒದಗಿಬಂದಿದೆ. ಆದರೆ ಈ ಮೆದುತನವೇ ಅದರ ದೋಷವೂ ಹೌದು. ಹಿಂದಿನಿಂದ ಬಿಸಿ ಅನಿಲ ತಳ್ಳುತ್ತಿರಲು, ಉಕ್ಕಿನ ನಳಿಗೆಯೊಳಗೆ ಉಜ್ಜಿಕೊಂಡು ಸಾಗುವ ಸೀಸ ತಾನು ಹಾದುಹೋದ ದಾರಿಗೆ ಇಷ್ಟಿಷ್ಟೇ ಮೆತ್ತಿಕೊಳ್ಳುತ್ತದೆ. ಹೀಗೆ ಮೆತ್ತಿಕೊಂಡ ಸೀಸ ಮುಂದಿನ ಗುಂಡಿನ ಹಾದಿಯನ್ನು ಕೆಡಿಸುತ್ತದೆ. ಅದನ್ನು ತಡೆಯಬೇಕಾದರೆ ಗುಂಡಿಗೆ ಏನಾದರೊಂದನ್ನು ಹೊದಿಸಬೇಕು. ಏನನ್ನು ಹೊದಿಸಬೇಕು, ಅದಕ್ಕೆ ಎಷ್ಟು ಹಣ ತೆರಬೇಕು, ದೂರದ ಗುರಿಗೆ ಯಾವ ಹೊದಿಕೆ ಒಪ್ಪುತ್ತದೆ ಎಂಬುದೇ ಇಂದಿನ ವಿಷಯ.

ಸಾಹಿತ್ಯಾಸಕ್ತರಿಗೆ ಈ ಮದ್ದುಗುಂಡಿನ ಮಾತೇಕೆ ಎಂದು ಹುಬ್ಬೇರಿಸುವವರು ಇರಬಹುದು. ನಾನಿರುವುದು ಮೈಸೂರಿನ ಹೆಬ್ಬಾಳದಲ್ಲಿ. ನಮ್ಮ ಬೀದಿಯಲ್ಲಿ ಕಾರ್ಖಾನೆಯ ಕೆಲಸಗಾರರೊಬ್ಬರ ಮಗ ಪಿಸ್ತೂಲಿನ ಗುರಿಸ್ಪರ್ಧೆಗೆ ಅಭ್ಯಾಸ ಮಾಡುತ್ತಿದ್ದಾನೆ. ತಂದೆಯ ಸಂಬಳದ ಒಂದು ಪಾಲು ತಿಂಗಳು ತಿಂಗಳೂ ತೋಟಾಗಳಿಗೆ ಹೋಗುತ್ತದೆ. “ದುಬಾರಿ ಪೆಟ್ಟಿಗೆಯನ್ನೇ ಕೊಡಿಸದಿದ್ದರೆ ಹುಡುಗ ಮೇಲೆ ಬರುವುದಿಲ್ಲವೇ, ಸ್ವಾಮಿ?” ಎಂದು ಅವರು ಒಮ್ಮೆ ನನ್ನನ್ನು ಕೇಳಿದರು. ಮಕ್ಕಳ ಕ್ರೀಡೆಗಾಗಿ ಸಾಲ ಮಾಡುವ ತಂದೆತಾಯಂದಿರು ನಮ್ಮ ಊರುಗಳಲ್ಲಿ ಕಡಿಮೆಯಿಲ್ಲ. ಅವರ ಪ್ರಶ್ನೆಗೆ ಸರಿಯಾದ ಉತ್ತರ ಲೆಕ್ಕದಲ್ಲಿದೆ. ಅಂಗಡಿಯವನ ಬಾಯಲ್ಲಿ ಇಲ್ಲ.

ಮೊದಲು ಗುರಿಯನ್ನು ನೋಡೋಣ. ಪಿಸ್ತೂಲಿಗೆ 50 ಮೀಟರ್ ಎಂಬುದು ಬಹಳ ದೂರ. ಅಷ್ಟು ದೂರದಲ್ಲಿಟ್ಟ ಕಾಗದದ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 50 ಮಿಲಿಮೀಟರ್. ಸಣ್ಣ ಬಟ್ಟಲಿನ ಬಾಯಷ್ಟು ಎನ್ನಿ. ಸ್ಪರ್ಧಾಳು ಒಂದೇ ಕೈಯಲ್ಲಿ ಪಿಸ್ತೂಲು ಹಿಡಿದು, ಯಾವ ಊರೆಯೂ ಇಲ್ಲದೆ ನಿಂತು, ಅರುವತ್ತು ಸಲ ಅದನ್ನು ತಾಕಬೇಕು. ಒಲಿಂಪಿಕ್ ಕೂಟಗಳಲ್ಲಿ ಈ ಸ್ಪರ್ಧೆ 1900ರಲ್ಲಿಯೇ ಇತ್ತು. 2016ರ ರಿಯೋ ಕೂಟವೇ ಅದಕ್ಕೆ ಕೊನೆಯ ಒಲಿಂಪಿಕ್ಸ್ ಆಯಿತು. ಅರುನೂರಕ್ಕೆ 581 ಅಂಕ ಗಳಿಸಿ ಸೋವಿಯತ್ ದೇಶದ ಮೆಲೆಂತ್ಯೆವ್ ಎಂಬಾತ 1980ರಲ್ಲಿ ಮಾಸ್ಕೋದಲ್ಲಿ ಸ್ಥಾಪಿಸಿದ ದಾಖಲೆಯನ್ನು ಮುರಿಯಲು ಮೂವತ್ತನಾಲ್ಕು ವರ್ಷ ಹಿಡಿಯಿತು ಎಂದ ಮೇಲೆ ಇದರ ಕಾಠಿಣ್ಯವನ್ನು ಬಣ್ಣಿಸಬೇಕಾಗಿಲ್ಲ. ನಮ್ಮವರೇ ಆದ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಇದೇ ಸ್ಪರ್ಧೆಯಲ್ಲಿ ಬೆಳ್ಳಿ ಪದಕ ಗೆದ್ದರು. ಅದಕ್ಕೆ ಒಂದೇ ವರ್ಷ ಮೊದಲು ಸ್ಪೇನಿನ ಗ್ರನಾಡಾದಲ್ಲಿ ಸ್ಪರ್ಧೆಯ ವೇಳೆಯಲ್ಲೇ ಅವರ ಮುಖದ ಒಂದು ಪಾರ್ಶ್ವ ಸ್ವಾಧೀನ ತಪ್ಪಿತ್ತು. ರಿಯೋ ಕೂಟದಲ್ಲಿಯೂ ಅವರು ಈ ಸ್ಪರ್ಧೆಗೆ ನಿಂತರು.

ಇಲ್ಲಿ ಬಳಸುವ ತೋಟಾ ಪಾಯಿಂಟ್ ಇಪ್ಪತ್ತೆರಡು ಎಂದು ಹೆಸರಾದ ಚಿಕ್ಕ ತೋಟಾ. ಗುಂಡಿನ ವ್ಯಾಸ 5.6 ಮಿಲಿಮೀಟರ್, ತೂಕ ಸುಮಾರು 2.6 ಗ್ರಾಂ. ಇದಕ್ಕೆ ಹೊದಿಕೆ ಎಂದರೆ ಬರಿಯ ಮೇಣ ಅಥವಾ ಜಿಡ್ಡು. ಬೆರಳಿಗೆ ಹತ್ತುವ ಈ ಸಾಧಾರಣ ಲೇಪವನ್ನು ಕಂಡು ಹೊಸಬರು ಮೂಗು ಮುರಿಯುತ್ತಾರೆ. ತಾಮ್ರದ ಹೊಳಪುಳ್ಳ ಗುಂಡಿನ ಪೆಟ್ಟಿಗೆಯತ್ತ ಕೈಚಾಚುತ್ತಾರೆ. ಅವರು ತಿಳಿಯಬೇಕಾದ ಮೊದಲನೆಯ ಸಂಗತಿ ಇದು: ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ 25 ಮತ್ತು 50 ಮೀಟರಿನ ಪಿಸ್ತೂಲು ಸ್ಪರ್ಧೆಗಳಲ್ಲಿ ಸೀಸ ಅಥವಾ ಅಂಥದೇ ಮೆದು ವಸ್ತುವಿನ ಗುಂಡಿಗೆ ಮಾತ್ರ ಪ್ರವೇಶ, ಲೋಹಕವಚ ತೊಟ್ಟ ಗುಂಡು ನಿಷಿದ್ಧ. ಬೇರೆ ಯಾವುದೇ ಬಗೆಯ ಹೊದಿಕೆಯನ್ನು ಸ್ಪರ್ಧೆಗೆ ಒಯ್ಯುವ ಮುನ್ನ ತೀರ್ಪುಗಾರರನ್ನು ಕೇಳಿಕೊಳ್ಳುವುದು ಜಾಣತನ.

ಆದರೆ ಈ ನಿಯಮದ ಹೊರಗೂ ಗುರಿವಿದ್ಯೆ ಇದೆ. ಅಮೆರಿಕದಲ್ಲಿ ನೆಲೆಸಿರುವ ಕನ್ನಡಿಗರು ಅಲ್ಲಿನ ಬುಲ್ಸ್ ಐ ಎಂಬ ಪಂದ್ಯದಲ್ಲಿ ಐವತ್ತು ಗಜ ದೂರಕ್ಕೆ, ಅಂದರೆ ಸುಮಾರು 46 ಮೀಟರಿಗೆ, ದೊಡ್ಡ ಗುಂಡಿನ ಪಿಸ್ತೂಲನ್ನೂ ಹಾರಿಸಬಹುದು. ಆ ಅಳತೆಯ ಆಯುಧಗಳಲ್ಲಿ ಹಲವು ನಮ್ಮಲ್ಲಿ ಸಾಮಾನ್ಯ ನಾಗರಿಕರಿಗೆ ನಿಷಿದ್ಧ. ಗುಂಡು ಬೇರೆ, ಮದ್ದು ಬೇರೆ ಕೊಂಡು ಮನೆಯಲ್ಲಿ ತೋಟಾ ಕಟ್ಟಿಕೊಳ್ಳುವ ಅಲ್ಲಿನ ರೂಢಿಯೂ ನಮ್ಮಲ್ಲಿ ಇಲ್ಲ. ಹಾಗಾಗಿ ಹೊದಿಕೆಯ ಆಯ್ಕೆ ನಿಜವಾಗಿ ತಲೆದೋರುವುದು ಅಲ್ಲಿ. ಆದರೂ ಅದರ ತತ್ತ್ವ ಎರಡೂ ಕಡೆಗೆ ಒಂದೇ.

ದೊಡ್ಡ ಗುಂಡಿಗೆ ಮೂರು ಬಗೆಯ ಅಂಗಿಗಳುಂಟು. ತಾಮ್ರಕ್ಕೆ ಒಂದಿಷ್ಟು ಸತುವು ಬೆರೆಸಿದ ತಗಡಿನಿಂದ ಎಳೆದು ಮಾಡಿದ ದಪ್ಪ ಕವಚ ಮೊದಲನೆಯದು; ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು, ಬೆಲೆಯೂ ಹೆಚ್ಚು. ಸೀಸದ ಗುಂಡನ್ನು ದ್ರಾವಣದಲ್ಲಿಟ್ಟು ವಿದ್ಯುತ್ತಿನಿಂದ ತಾಮ್ರದ ಮುಲಾಮು ಹಿಡಿಸಿದ್ದು ಎರಡನೆಯದು. ಹಿತ್ತಾಳೆ ಪಾತ್ರೆಗೆ ಕಲಾಯಿ ಇದ್ದಂತೆ ತೆಳುವಾದ ಪದರ. ಮೂರನೆಯದು ಇತ್ತೀಚಿನದು: ಒಂದು ಬಗೆಯ ರಾಳದ ಬಣ್ಣವನ್ನು ಪೂಸಿ, ಸುಮಾರು 200 ಡಿಗ್ರಿ ಶಾಖದ ಒಲೆಯಲ್ಲಿ ಬೇಯಿಸಿದ್ದು. ನೀಲಿ, ಕೆಂಪು, ಹಸಿರು, ಬೇಕಾದ ಬಣ್ಣಕ್ಕೆ ದೊರೆಯುತ್ತದೆ. ಮೂರರಲ್ಲಿ ಅಗ್ಗವಾದದ್ದು ಸಾಮಾನ್ಯವಾಗಿ ಇದೇ. ಹೆಬ್ಬಾಳದ ಕೈಗಾರಿಕಾ ಪ್ರದೇಶದಲ್ಲಿ ಲೇತಿನ ಮುಂದೆ ನಿಂತು ದುಡಿದವರಿಗೆ ಮೈಕ್ರಾನ್ ಎಂದರೇನೆಂದು ಹೇಳಬೇಕಾಗಿಲ್ಲ. ಮಿಲಿಮೀಟರಿನ ಸಾವಿರದ ಒಂದು ಪಾಲು. ನಮ್ಮ ತಲೆಗೂದಲು ಸುಮಾರು ಎಪ್ಪತ್ತು ಮೈಕ್ರಾನ್ ದಪ್ಪ. ಈ ಬಣ್ಣದ ಹೊದಿಕೆ ಕೂದಲಿಗಿಂತಲೂ ತೆಳು.

ಇವುಗಳಲ್ಲಿ ಯಾವುದು ಮೇಲು? ಬುಗುರಿಯನ್ನು ನೆನೆಯಿರಿ. ಮೊಳೆ ನಟ್ಟನಡುವೆ ಕೂತಿದ್ದರೆ ಬುಗುರಿ ನಿಂತಲ್ಲೇ ನಿದ್ದೆ ಹೋದಂತೆ ತಿರುಗುತ್ತದೆ. ಮೊಳೆ ಒಂದಿಷ್ಟು ಓರೆಯಾಗಿದ್ದರೂ ಓಲಾಡುತ್ತದೆ. ಗುಂಡೂ ಒಂದು ಬುಗುರಿ. ನಳಿಗೆಯ ಒಳಮೈಯಲ್ಲಿ ಕೊರೆದ ಸುರುಳಿಗೆರೆಗಳು ಅದನ್ನು ತಿರುಗಿಸುತ್ತವೆ. ಪಾಯಿಂಟ್ ಇಪ್ಪತ್ತೆರಡರ ನಳಿಗೆಯಲ್ಲಿ ಸಾಮಾನ್ಯವಾಗಿ 40 ಸೆಂಟಿಮೀಟರಿಗೆ ಒಂದು ಸುತ್ತು. ಪಿಸ್ತೂಲಿನ ನಳಿಗೆ ಅಷ್ಟು ಉದ್ದವೇ ಇಲ್ಲದ್ದರಿಂದ ಗುಂಡು ಒಳಗೆ ಒಂದು ಪೂರ್ತಿ ಸುತ್ತನ್ನೂ ಮುಗಿಸುವುದಿಲ್ಲ. ಹೊರಗೆ ಬಂದ ಮೇಲೆ ಸೆಕೆಂಡಿಗೆ ಸುಮಾರು ಏಳು ನೂರು ಸುತ್ತಿನ ವೇಗದಲ್ಲಿ ತಿರುಗುತ್ತದೆ! ಆದುದರಿಂದ ಹೊದಿಕೆ ಎಷ್ಟು ದಪ್ಪ ಎಂಬುದಕ್ಕಿಂತ ಸುತ್ತಲೂ ಒಂದೇ ಸಮವಾಗಿದೆಯೇ ಎಂಬುದು ಮುಖ್ಯ. ತಾಮ್ರದ ಮುಲಾಮು ಒಂದು ಕಡೆ ದಪ್ಪ ಕೂತು ಇನ್ನೊಂದು ಕಡೆ ತೆಳುವಾಗಿದ್ದರೆ ಬುಗುರಿಯ ಮೊಳೆ ಓರೆಯಾದಂತೆಯೇ ಸರಿ. ತೋಟಾದ ಬಾಯಿಯನ್ನು ಬಿಗಿಯಾಗಿ ಅಮುಕಿದರೆ ಆ ತೆಳುಪದರ ಹರಿಯುವುದೂ ಉಂಟು. ಹೊಳಪಿಗೆ ಮರುಳಾಗಿ ಇದನ್ನು ಕೊಳ್ಳುವವರೇ ಹೆಚ್ಚು. ದೂರದ ಗುರಿಗೆ ನಾನಂತೂ ಇದನ್ನು ಕೊನೆಗೆ ಎಣಿಸುತ್ತೇನೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಎಲ್ಲರೂ ಗುಂಡಿನ ಮೂತಿಯನ್ನು ನೋಡುತ್ತಾರೆ, ನೋಡಬೇಕಾದದ್ದು ತಳವನ್ನು. ಗುಂಡು ನಳಿಗೆಯ ಬಾಯನ್ನು ದಾಟುವಾಗ ಕಟ್ಟಕಡೆಗೆ ಹೊರಬೀಳುವುದು ತಳ. ಅದು ಓರೆಯಾಗಿದ್ದರೆ, ಅಂಚಿನಲ್ಲಿ ಚಕ್ಕೆ ಎದ್ದಿದ್ದರೆ, ಅನಿಲ ಒಂದು ಪಕ್ಕದಿಂದ ಮೊದಲು ನುಗ್ಗಿ ಗುಂಡನ್ನು ಓರೆಗೆ ತಳ್ಳುತ್ತದೆ. ಮೂತಿ ಮೊಂಡಾಗಿದ್ದರೂ ಗುಂಡು ನೆಟ್ಟಗೆ ಹೋದೀತು. ತಳ ಕೆಟ್ಟರೆ ಹೋಗದು. ಪೂರ್ಣಕವಚವೆಂದು ಹೆಸರಾದ ಗುಂಡಿಗೆ ತಗಡನ್ನು ಮೂತಿಯ ಕಡೆಯಿಂದ ತೊಡಿಸಿ ಹಿಂದೆ ಮಡಿಸಿರುತ್ತಾರೆ. ಅದರ ತಳ ಬತ್ತಲೆ, ಮಡಿಕೆಯೂ ಅಷ್ಟೇನೂ ಸಮವಲ್ಲ. ಮೂತಿಯಲ್ಲಿ ಕುಳಿಯುಳ್ಳ ಗುಂಡಿಗೆ ಇದಕ್ಕೆ ವಿರುದ್ಧವಾಗಿ ತಳದ ಕಡೆಯಿಂದ ತಗಡನ್ನು ತೊಡಿಸುತ್ತಾರೆ. ತಳ ಮುಚ್ಚಿ ನಯವಾಗಿರುತ್ತದೆ. ದೂರದ ಗುರಿಯಲ್ಲಿ ಎರಡನೆಯದು ಮೊದಲನೆಯದನ್ನು ಸಾಮಾನ್ಯವಾಗಿ ಮೀರಿಸುವುದರ ಗುಟ್ಟು ಇದೇ. ಬಣ್ಣದ ಹೊದಿಕೆ ತಳವನ್ನೂ ಆವರಿಸುತ್ತದೆ. ಗುಂಡು ನಳಿಗೆಯ ಗೆರೆಗಳ ಒಳ ಅಳತೆಗಿಂತ ಕೂದಲೆಳೆಯಷ್ಟು ದಪ್ಪವಿದ್ದು ಬಿಗಿಯಾಗಿ ಕೂತರೆ, ಅಗ್ಗದ ಈ ಬಣ್ಣದ ಗುಂಡು ದುಬಾರಿ ಕವಚದ ಗುಂಡಿಗೆ ಸರಿದೊರೆಯಾಗಿ ನಿಲ್ಲಬಲ್ಲುದು. ಹೊದಿಕೆ ಚೆನ್ನಾಗಿ ಬೆಂದಿದೆಯೇ ಎಂದು ನೋಡಲು ತಯಾರಕರೇ ಎರಡು ಪರೀಕ್ಷೆ ಮಾಡುತ್ತಾರೆ: ಅಸಿಟೋನಿನಲ್ಲಿ ಅದ್ದಿದ ಬಟ್ಟೆಯಿಂದ ಉಜ್ಜುವುದು, ಸುತ್ತಿಗೆಯಿಂದ ಜಜ್ಜುವುದು. ಬಣ್ಣ ಬಿಡಬಾರದು, ಚಕ್ಕೆ ಏಳಬಾರದು. ಜಜ್ಜುವುದು ಬರಿಯ ಗುಂಡನ್ನು ಮಾತ್ರ. ತೋಟಾವನ್ನು ಎಂದೆಂದಿಗೂ ಅಲ್ಲ.

ಚಪ್ಪಟೆ ಮೂತಿಯ ಗುಂಡುಗಳ ವಿಷಯವನ್ನೂ ಹೇಳಿಬಿಡುತ್ತೇನೆ. ಕಾಗದದಲ್ಲಿ ದುಂಡಗೆ ಕತ್ತರಿಸಿದಂತೆ ತೂತು ಮಾಡುವುದರಿಂದ 25 ಮೀಟರಿಗೆ ಅವು ಸೊಗಸು. 50 ಮೀಟರನ್ನು ದಾಟಿದರೆ ಹಲವು ಓಲಾಡತೊಡಗುತ್ತವೆ. ಇನ್ನೂ ದೂರಕ್ಕೆ ದುಂಡು ಮೂತಿಯೋ ಶಂಕುವಿನಾಕಾರವೋ ವಾಸಿ.

ಈಗ ಆ ತಂದೆಯ ಪ್ರಶ್ನೆಯ ಲೆಕ್ಕ. ಗುರಿಕಾಗದದ ಮೇಲೆ ಕಾಣುವ ಚದುರಿಕೆಗೆ ಕಾರಣ ಎರಡು: ಕೈಯ ನಡುಕ, ತೋಟಾದ ದೋಷ. ಇವೆರಡೂ ನೇರವಾಗಿ ಕೂಡುವುದಿಲ್ಲ. ಲಂಬಕೋನ ತ್ರಿಭುಜದ ಎರಡು ಬಾಹುಗಳಂತೆ ವರ್ಗವಾಗಿ ಕೂಡುತ್ತವೆ, ಮೊತ್ತ ಕರ್ಣವಾಗಿ ಬರುತ್ತದೆ. ಕಲಿಯುತ್ತಿರುವ ಹುಡುಗನ ಕೈಯ ಚದುರಿಕೆ 50 ಮೀಟರಿನಲ್ಲಿ 200 ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಅಗ್ಗದ ತೋಟಾದ ಚದುರಿಕೆ 40, ದುಬಾರಿಯದು 20 ಎನ್ನಿ. ಅಗ್ಗದ್ದರಲ್ಲಿ ಮೊತ್ತ 204, ದುಬಾರಿಯದರಲ್ಲಿ 201. ಎರಡರಷ್ಟೋ ಮೂರರಷ್ಟೋ ಬೆಲೆ ತೆತ್ತು ಅವನು ಗಳಿಸಿದ್ದು ಮೂರು ಮಿಲಿಮೀಟರ್! ಅದೇ 60 ಮಿಲಿಮೀಟರಿನೊಳಗೆ ಕೈ ನಿಲ್ಲಿಸಬಲ್ಲ ನುರಿತವನಿಗೆ 72 ಇದ್ದದ್ದು 63ಕ್ಕೆ ಇಳಿಯುತ್ತದೆ. ಗುಂಡಿನ ತೂತು ಗೆರೆಗೆ ತಾಕಿದರೂ ಮೇಲಿನ ಅಂಕ ಸಿಗುವ ಈ ಆಟದಲ್ಲಿ ಒಂಬತ್ತು ಮಿಲಿಮೀಟರ್ ದೊಡ್ಡ ಐಶ್ವರ್ಯ. ಕಲಿಯುವವನು ಅದೇ ಹಣದಲ್ಲಿ ಹೆಚ್ಚು ಅಗ್ಗದ ತೋಟಾಗಳನ್ನು ಕೊಂಡು ಹೆಚ್ಚು ದಿನ ಅಭ್ಯಾಸ ಮಾಡುವುದೇ ಲಾಭ.

ಅಗ್ಗದಲ್ಲಿಯೂ ಆರಿಸಿಕೊಳ್ಳಬೇಕು. ಅದಕ್ಕೆ ಕಾಗದವೇ ಸಾಕ್ಷಿ. ಪಿಸ್ತೂಲನ್ನು ಮರಳಚೀಲದ ಮೇಲೆ ಊರಿ, ಒಂದೊಂದು ತಯಾರಿಯಿಂದ ಹತ್ತು ಹತ್ತು ಗುಂಡುಗಳಂತೆ ಕೆಲವು ಸರದಿ ಹಾರಿಸಿ ಚದುರಿಕೆಯನ್ನು ಅಳೆಯಬೇಕು. ಮೂರು ಗುಂಡು ಒಂದೇ ತೂತಿನಲ್ಲಿ ಹೋದವೆಂದು ಹಿಗ್ಗುವುದು ಲಾಟರಿಯನ್ನು ನಂಬಿದಂತೆ. ಒಂದು ತಯಾರಿಯಿಂದ ಇನ್ನೊಂದಕ್ಕೆ ಬದಲಿಸಿದಾಗ ನಳಿಗೆಯಲ್ಲಿ ಹಳೆಯ ಮೇಣ ಉಳಿದಿರುತ್ತದೆ. ಮೊದಲ ಹತ್ತು ಹದಿನೈದನ್ನು ಲೆಕ್ಕಕ್ಕೆ ಹಿಡಿಯಬಾರದು. ವೇಗದ ಸಮತೆಯೂ ಇಲ್ಲಿಯೇ ಬಯಲಾಗುತ್ತದೆ. ಸೆಕೆಂಡಿಗೆ 280 ಮೀಟರ್ ವೇಗದ ಗುಂಡು 50 ಮೀಟರ್ ಸಾಗುವಷ್ಟರಲ್ಲಿ ಸುಮಾರು 16 ಸೆಂಟಿಮೀಟರ್ ಕೆಳಗಿಳಿಯುತ್ತದೆ. ವೇಗ ಹತ್ತು ಮೀಟರ್ ಕುಂದಿದರೆ ಇನ್ನೂ ಹನ್ನೊಂದು ಹನ್ನೆರಡು ಮಿಲಿಮೀಟರ್. ತೂತುಗಳು ಮೇಲೆ ಕೆಳಗೆ ಉದ್ದಕ್ಕೆ ಹಬ್ಬಿದ್ದರೆ ಮದ್ದು ಒಂದೇ ಸಮವಾಗಿಲ್ಲ ಎಂದು ಶಂಕಿಸಬೇಕು. ಒಪ್ಪಿದ ತಯಾರಿ ದೊರೆತರೆ ಪೆಟ್ಟಿಗೆಯ ಮೇಲಿನ ಲಾಟು ಸಂಖ್ಯೆಯನ್ನು ಬರೆದಿಟ್ಟುಕೊಂಡು, ಪರವಾನಗಿ ಒಪ್ಪುವಷ್ಟನ್ನು ಅದೇ ಸಂಖ್ಯೆಯಲ್ಲಿ ಕೊಳ್ಳಬೇಕು. ಹೆಸರು ಒಂದೇ ಆದರೂ ಲಾಟು ಬದಲಾದರೆ ಗುಣವೂ ಬದಲಾಗುತ್ತದೆ.

ಹೊದಿಕೆಗೆ ಇನ್ನೂ ಒಂದು ಪ್ರಯೋಜನವುಂಟು. ನನ್ನ ಮಟ್ಟಿಗೆ ಅದು ಅಂಕಕ್ಕಿಂತ ದೊಡ್ಡದು. ಸೀಸ ವಿಷ. ಬೆಳೆಯುವ ಮಕ್ಕಳ ಮಿದುಳಿಗೆ ಅದು ಮಾಡುವ ಕೇಡು ಸಣ್ಣದಲ್ಲ. ಬತ್ತಲೆ ತಳದ ಗುಂಡಿನಿಂದ ಬಿಸಿ ಅನಿಲ ಸೀಸವನ್ನು ಹೊಗೆಯಾಗಿ ಎಬ್ಬಿಸುತ್ತದೆ. ತಳವನ್ನೂ ಮುಚ್ಚುವ ಹೊದಿಕೆ ಅದನ್ನು ತಗ್ಗಿಸುತ್ತದೆ. ಪೂರ್ತಿ ತಡೆಯುವುದಿಲ್ಲ, ಏಕೆಂದರೆ ತೋಟಾವನ್ನು ಸಿಡಿಸುವ ಕಿಡಿಮದ್ದಿನಲ್ಲಿಯೂ ಸಾಮಾನ್ಯವಾಗಿ ಸೀಸದ ಸಂಯುಕ್ತ ಇರುತ್ತದೆ. ಮೇಣದ ಗುಂಡನ್ನೇ ಬಳಸಬೇಕಾದ ನಮ್ಮ ಹುಡುಗರು ಗಾಳಿಯಾಡುವ ಅಂಕಣದಲ್ಲಿಯೇ ಅಭ್ಯಾಸ ಮಾಡಬೇಕು. ನೆಲದ ಧೂಳನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಕೈಯನ್ನು ತಣ್ಣೀರು ಸಾಬೂನಿನಿಂದ ತೊಳೆಯದೆ ಬುತ್ತಿ ಬಿಚ್ಚಬಾರದು. ಅಭ್ಯಾಸದ ಅಂಗಿಯನ್ನು ಮನೆಯ ಬಟ್ಟೆಗಳೊಡನೆ ನೆನೆಹಾಕಬಾರದು, ಮನೆಯಲ್ಲಿ ಎಳೆಯ ಮಗುವಿದ್ದರಂತೂ ಖಂಡಿತ ಕೂಡದು. ವರ್ಷಕ್ಕೊಮ್ಮೆ ರಕ್ತದಲ್ಲಿ ಸೀಸದ ಪ್ರಮಾಣವನ್ನು ಪರೀಕ್ಷೆ ಮಾಡಿಸಬೇಕು. ಅಗ್ಗದ ತೋಟಾದಿಂದ ಉಳಿದ ಹಣದಲ್ಲಿ ಮೊದಲ ಪಾಲು ಅದಕ್ಕೆ ಸಲ್ಲಲಿ.