ನಡೆಯುವವರಿಗೂ ಒಂದು ದಾರಿ

ಪೇಟೆಗೆ ಹೋದಾಗಲೆಲ್ಲ ನಾನಿ ನನ್ನ ಕೈ ಬಿಡುವುದಿಲ್ಲ. ಫುಟ್‌ಪಾತ್ ಮೇಲೆ ಅಂಗಡಿಯ ಸಾಮಾನೋ ಬೈಕೋ ಅಡ್ಡ ಬಂದರೆ ರಸ್ತೆಗಿಳಿಯಬೇಕು. ಹಿಂದಿನಿಂದ ಬರುವ ಗಾಡಿ ಅವರಿಗೆ ಸರಿಯಾಗಿ ಕೇಳಿಸುವುದಿಲ್ಲ. ಕಳೆದ ರಜೆಯಲ್ಲಿ ಬೆಂಗಳೂರಿನ ಚರ್ಚ್ ಸ್ಟ್ರೀಟ್‌ಗೆ ಹೋದಾಗ ಅದೇ ನಾನಿ ಕೈ ಬಿಟ್ಟು, ಅಂಗಡಿಗಳನ್ನು ನೋಡುತ್ತಾ ನನಗಿಂತ ಮುಂದೆ ನಡೆದರು! ಈ ವ್ಯತ್ಯಾಸಕ್ಕೆ ಕಾರಣವೇನೆಂದು ಹುಡುಕಿದೆ.

ಬ್ರಿಗೇಡ್ ರಸ್ತೆಯಿಂದ ಸೇಂಟ್ ಮಾರ್ಕ್ಸ್ ರಸ್ತೆಯವರೆಗೆ ಸುಮಾರು ಮುಕ್ಕಾಲು ಕಿಲೋಮೀಟರ್ ಉದ್ದದ ಈ ವ್ಯಾಪಾರದ ಬೀದಿಯನ್ನು 'ಟೆಂಡರ್‌ಶ್ಯೂರ್' ಮಾದರಿಯಲ್ಲಿ ಮರುನಿರ್ಮಿಸಿ 2018ರಲ್ಲಿ ತೆರೆಯಲಾಯಿತು. ಈ ಮಾದರಿಯ ಕೆಲಸ ಶುರುವಾಗುವುದು ನೆಲದ ಕೆಳಗಿನಿಂದ. ನೀರು, ಒಳಚರಂಡಿ, ವಿದ್ಯುತ್, ಕೇಬಲ್ ಎಲ್ಲಕ್ಕೂ ಬೇರೆ ಬೇರೆ ಜಾಗ ಮಾಡುತ್ತಾರೆ. ಒಂದನ್ನು ರಿಪೇರಿ ಮಾಡಲು ಇಡೀ ಫುಟ್‌ಪಾತ್ ಅಗೆಯಬಾರದು ಎಂಬುದು ಉದ್ದೇಶ. ವಾಹನಗಳಿಗೆ ಬೇಕಾದಷ್ಟೇ ಅಗಲ ಬಿಟ್ಟು, ಉಳಿದದ್ದನ್ನು ನಡೆಯುವವರಿಗೆ ಕೊಡುತ್ತಾರೆ. ಚರ್ಚ್ ಸ್ಟ್ರೀಟ್‌ನಲ್ಲಿ ಡಾಂಬರಿನ ಬದಲು ಕಲ್ಲು ಹಾಸಿರುವುದರಿಂದ ಗಾಡಿಗಳು ನಿಧಾನವಾಗಿಯೇ ಹೋಗಬೇಕು. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಗಳಲ್ಲಿ ಇಲ್ಲಿ ವಾಹನಗಳನ್ನೇ ನಿಲ್ಲಿಸಿ ನೋಡಿದ್ದರು.

ಒಳ್ಳೆಯ ಫುಟ್‌ಪಾತ್ ಎಂದರೆ ಮೂರು ಪಟ್ಟಿ. ಅಂಗಡಿಗೆ ತಾಗಿದ ಪಟ್ಟಿ ನಿಂತು ನೋಡುವವರಿಗೆ. ರಸ್ತೆಯ ಕಡೆಯದು ಮರ, ದೀಪದ ಕಂಬ, ಬೆಂಚುಗಳಿಗೆ. ನಡುವಿನದು ನಡೆಯಲು ಮಾತ್ರ. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ ಈ ನಡುವಿನ ಪಟ್ಟಿ ಕನಿಷ್ಠ 1.8 ಮೀಟರ್ ಅಗಲ, 2.2 ಮೀಟರ್ ಎತ್ತರದವರೆಗೆ ಖಾಲಿ ಇರಬೇಕು. ಎದುರುಬದುರಾಗಿ ಬರುವ ಎರಡು ಗಾಲಿಕುರ್ಚಿಗಳು ದಾಟಲು ಅಷ್ಟು ಅಗಲ ಬೇಕು. ಅಂಗಡಿ ಸಾಲಿನಲ್ಲಿ ಇನ್ನೂ ಹೆಚ್ಚು ಬೇಕು. ಫುಟ್‌ಪಾತ್ ರಸ್ತೆಗಿಂತ 15 ಸೆಂಟಿಮೀಟರ್‌ಗಿಂತ ಎತ್ತರ ಇರಬಾರದು; ಇದ್ದರೆ ಹಿರಿಯರು ಹತ್ತುವುದೇ ಇಲ್ಲ.

ಹಾಗಾದರೆ ತಳ್ಳುಗಾಡಿಯವರನ್ನು ಓಡಿಸಬೇಕೇ? ಬೇಡ. ಅವರ ಜೀವನೋಪಾಯವನ್ನು ರಕ್ಷಿಸಲೆಂದೇ 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಇದೆ. ನಕ್ಷೆ ಬರೆಯುವಾಗಲೇ ಅವರಿಗೂ ಜಾಗ ಗುರುತಿಸಿದರೆ ನಡುವಿನ ಪಟ್ಟಿ ಖಾಲಿ ಉಳಿಯುತ್ತದೆ. ನಿಂತು ನೋಡಿ ಕೊಳ್ಳುವವರು ಕಾಲ್ನಡಿಗೆಯವರೇ. ಅವರು ಬಂದರೆ ವ್ಯಾಪಾರಿಗೂ ಲಾಭ.

ಅಡೆತಡೆಯಿಲ್ಲದ ಫುಟ್‌ಪಾತ್ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಮೇ ತಿಂಗಳಲ್ಲಿ ಹೇಳಿದೆ. ದಾರಿಯಲ್ಲಿ ತೊಂದರೆ ಕೊಡುವ ವಸ್ತುವನ್ನು ಸರಿಸುವುದೂ ಸದಖಾ ಎಂದು ಪ್ರವಾದಿಯವರು(ಸ) ಅದಕ್ಕೂ ಬಹಳ ಹಿಂದೆಯೇ ಕಲಿಸಿದ್ದಾರೆ.

ನಮ್ಮ ಹಿರೇನಲ್ಲೂರು ಬೆಂಗಳೂರಲ್ಲ, ನಿಜ. ಆದರೆ ಊರು ಬೆಳೆದ ಮೇಲೆ ಗೋಡೆ ಒಡೆಯುವುದಕ್ಕಿಂತ ಮೊದಲೇ ದಾರಿ ಬಿಡುವುದು ಸುಲಭ. ಒಂದು ಟೇಪು ಹಿಡಿದು ಬಸ್ ನಿಲ್ದಾಣದಿಂದ ಕಾಲೇಜಿನವರೆಗೆ ಅಳೆದು ನೋಡೋಣ: 1.8 ಮೀಟರ್ ಎಲ್ಲೆಲ್ಲಿ ಸಿಗುತ್ತದೆ, ಎಲ್ಲಿ ತಪ್ಪುತ್ತದೆ? ಆ ಪಟ್ಟಿಯನ್ನು ಪಂಚಾಯಿತಿಗೆ ಕೊಡೋಣ. ಅಲ್ಲಿಯವರೆಗೆ ನಮ್ಮ ಕೈಯಲ್ಲೇ ಇರುವ ಕೆಲಸವೊಂದಿದೆ: ನಮ್ಮ ಬೈಕನ್ನು ನಡೆಯುವವರ ದಾರಿಗೆ ಅಡ್ಡ ನಿಲ್ಲಿಸದಿರೋಣ.