ಕನ್ನಡಿಯ ಮೇಲಿನ ಜಗಳಗಂಟ

ನಂಜನಗೂಡಿನ ದೇವಸ್ಥಾನಕ್ಕೆ ಹತ್ತಿರದ ಒಂದು ಓಣಿ, ಬೆಳಗಿನ ಏಳೂವರೆ. ಶ್ರೀಕಂಠೇಶ್ವರನ ಗೋಪುರದ ತುದಿಗೆ ಬಿದ್ದ ಬಿಸಿಲು ಇನ್ನೂ ಬೀದಿಗೆ ಇಳಿದಿಲ್ಲ. ಕಪಿಲೆಯಲ್ಲಿ ಮಿಂದವರು ಒದ್ದೆ ಬಟ್ಟೆಯಲ್ಲೇ ಬಂದು ಟೀ ಅಂಗಡಿಯ ಮುಂದೆ ನಡುಗುತ್ತ ನಿಂತಿದ್ದಾರೆ. ಪಕ್ಕದಲ್ಲಿ ನಿಲ್ಲಿಸಿದ ಬೈಕಿನಿಂದ ಟಕ್, ಟಕ್, ಟಕ್ ಎಂದು ಸದ್ದು. ಹೆಬ್ಬೆರಳಿಗಿಂತ ತುಸು ದೊಡ್ಡದಾದ ಹಕ್ಕಿಯೊಂದು ಹ್ಯಾಂಡಲಿನ ಮೇಲೆ ಕೂತು ಸೈಡ್ ಮಿರರ್ ಕುಕ್ಕುತ್ತಿದೆ. ಹಾರಿಹೋಗುತ್ತದೆ, ತಿರುಗಿ ಬರುತ್ತದೆ, ಮತ್ತೆ ಟಕ್.

"ಒಂದು ವಾರದಿಂದ ಇದೇ ಕತೆ ಕಣಣ್ಣ," ಎಂದರು ಅಂಗಡಿಯವರು. "ಅದರೊಳಗೆ ಇನ್ನೊಬ್ಬ ಅವ್ನೆ ಅಂದ್ಕೊಂಡೈತೆ. ನಮ್ಮ ಹುಡುಗ ವಿಡಿಯೋ ಮಾಡಿ ಹಮ್ಮಿಂಗ್ ಬರ್ಡ್ ಅಂತ ಸ್ಟೇಟಸ್ ಹಾಕವ್ನೆ."

ಹುಡುಗನ ತಪ್ಪೇನಿಲ್ಲ. ಬಾಗಿದ ಕೊಕ್ಕು, ಲೋಹದ ಹೊಳಪು, ಹೂವಿನ ಮುಂದೆ ಅರೆಗಳಿಗೆ ಗಾಳಿಯಲ್ಲೇ ನಿಲ್ಲುವ ಚಾಳಿ, ಎಲ್ಲ ಟಿವಿಯಲ್ಲಿ ನೋಡಿದ ಹಾಗೇ ಇದೆ. ಆದರೆ ಹಮ್ಮಿಂಗ್ ಬರ್ಡ್‌ಗಳ ಮುನ್ನೂರೈವತ್ತಕ್ಕೂ ಹೆಚ್ಚು ಜಾತಿಗಳೆಲ್ಲ ಅಮೆರಿಕ ಖಂಡಗಳವು. ಕೆನಡಾದ ಹುಲ್ಲುಗಾವಲು ಸೀಮೆಯವರು ಬೇಸಿಗೆ ಬಂತೆಂದರೆ ನಾಲ್ಕು ಲೋಟ ನೀರಿಗೆ ಒಂದು ಲೋಟ ಸಕ್ಕರೆ ಬೆರೆಸಿ, ಕೆಂಪು ಬಾಯಿಯ ಸೀಸೆಯಲ್ಲಿ ತುಂಬಿ, ಜಗಲಿಗೆ ತೂಗುಹಾಕಿ ಅವಕ್ಕಾಗಿ ಕಾಯುತ್ತಾರೆ. ನಮ್ಮ ಓಣಿಯ ಜಗಳಗಂಟನ ಹೆಸರು ಸೂರಕ್ಕಿ. ಇವನನ್ನು ಯಾರೂ ಕಾಯುವುದಿಲ್ಲ. ವರ್ಷವಿಡೀ ಇಲ್ಲೇ ಇರುತ್ತಾನೆ.

ಬೈಕಿನ ಮೇಲಿದ್ದವನ ಹೊಟ್ಟೆ ಅರಿಶಿನದ ಹಳದಿ, ಎದೆಗೆ ಅಡ್ಡಲಾಗಿ ಕಂದುಗೆಂಪು ಪಟ್ಟಿ. ನೆತ್ತಿಯ ಹಸಿರು ಬಿಸಿಲು ತಾಗಿದಾಗಷ್ಟೇ ಮಿಂಚುತ್ತದೆ, ಇಲ್ಲವಾದರೆ ಬರೀ ಕಪ್ಪು. ಬೆನ್ನ ಕೆಳಭಾಗದ ನೇರಳೆ ಬಣ್ಣ ಕಾಣಬೇಕಾದರೆ ಅವನು ನಿಮಗೆ ಬೆನ್ನು ತೋರಿಸುವ ಕೃಪೆ ಮಾಡಬೇಕು. ಹೆಂಡತಿಗೆ ಈ ಒಡವೆಗಳೊಂದೂ ಇಲ್ಲ: ಬಿಳಿಚು ಗಂಟಲು, ತೆಳುಹಳದಿ ಹೊಟ್ಟೆ. ನಮ್ಮೂರುಗಳ ಹಿತ್ತಿಲಲ್ಲಿ ಹೆಚ್ಚು ಕಾಣುವ ಜೋಡಿ ಇದೇ.

ಇನ್ನೊಬ್ಬನಿದ್ದಾನೆ, ಮೈಯೆಲ್ಲ ಮಿರಿಮಿರಿ ಮಿಂಚುವ ಕೆನ್ನೀಲಿ ಸೂರಕ್ಕಿ. ಮರಿ ಮಾಡುವ ಕಾಲ ಮುಗಿದ ಮೇಲೆ ಅವನು ಆ ರೇಷ್ಮೆ ಅಂಗಿ ಕಳಚಿಡುತ್ತಾನೆ. ಆಗ ಹೆಣ್ಣಿನಂತೆಯೇ ಮಂಕು ಹಳದಿಯಾಗಿ, ಗಂಟಲಿನಿಂದ ಹೊಟ್ಟೆಯವರೆಗೆ ಒಂದು ಕಪ್ಪು ಗೀಟಷ್ಟೇ ಉಳಿಯುತ್ತದೆ. ಹೊಸಬರು ಮೋಸಹೋಗುವುದು ಅಲ್ಲೇ. ಮೂರನೆಯವನದು ಕುಡುಗೋಲಿನಂಥ ಉದ್ದ ಕೊಕ್ಕು. ಹದಿನೆಂಟನೇ ಶತಮಾನದಲ್ಲಿ ಸಿಲೋನಿನ ಡಚ್ ಗವರ್ನರ್ ಆಗಿದ್ದ ಲೋಟನ್ ಎಂಬಾತನ ಹೆಸರನ್ನು ಇಂಗ್ಲಿಷಿನಲ್ಲಿ ಹೊತ್ತು ತಿರುಗುತ್ತಿದ್ದಾನೆ.

ಟಿ. ನರಸೀಪುರದ ಬಸ್ಸು ಹತ್ತಿದರೆ ಕಿಟಕಿಯ ಆಚೆ ಕಬ್ಬು, ಭತ್ತ, ತೆಂಗು, ಬಾಳೆ. ನಂಜನಗೂಡಿನ ರಸಬಾಳೆ ಸೊರಗುರೋಗಕ್ಕೆ ಸಿಕ್ಕಿ ಬಹುಪಾಲು ತೋಟಗಳಿಂದ ಮರೆಯಾಗಿದೆ. ಸೂರಕ್ಕಿಗೆ ತಳಿಯ ಹಂಗಿಲ್ಲ, ಯಾವ ಬಾಳೆಯಾದರೂ ಆದೀತು. ಮೂತಿಯ ಎಸಳು ಎದ್ದು ಹೂಸಾಲು ಕಂಡರೆ ಸಾಕು, ತಲೆಕೆಳಗಾಗಿ ಜೋತುಬಿದ್ದು ಕೊಕ್ಕು ತೂರಿಸುತ್ತದೆ. ಹಮ್ಮಿಂಗ್ ಬರ್ಡ್ ಗಾಳಿಯಲ್ಲಿ ನಿಂತೇ ಊಟ ಮುಗಿಸುತ್ತದೆ. ಇದಕ್ಕೆ ಕೂತು ಉಣ್ಣುವುದೇ ಇಷ್ಟ. ದಾಸವಾಳದಂಥ ಆಳದ ಹೂವಾದರೆ ಬಾಗಿಲು ಬಿಟ್ಟು ಬುಡಕ್ಕೆ ಕನ್ನ ಹಾಕುತ್ತದೆ. ಮಕರಂದ ಸಿಕ್ಕಿತು, ಪರಾಗ ಹೊರುವ ಕೂಲಿ ತಪ್ಪಿತು!

ನರಸೀಪುರದಲ್ಲಿ ಕಾವೇರಿಗೆ ಕಪಿಲೆ ಸೇರುವ ಸಂಗಮ. ಇಲ್ಲಿನ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿ ಇದೆ. ಅದಕ್ಕೇ ಗುಂಜಾ ನರಸಿಂಹ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿ ತೂಕ ಹೆಚ್ಚು ಎನ್ನುವುದು ಊರಿನವರ ಮಾತು. ಸೂರಕ್ಕಿಯನ್ನೂ ಆ ತಕ್ಕಡಿಗೆ ಹಾಕಿ ನೋಡಿದೆ: ಏಳೆಂಟು ಗ್ರಾಂ ಎಂದರೆ ಅರವತ್ತು ಚಿಲ್ಲರೆ ಗುಲಗಂಜಿ, ಮುಕ್ಕಾಲು ತೊಲವೂ ಇಲ್ಲ.

ಅಲ್ಲೇ ಹತ್ತಿರದ ಮನೆಯೊಂದರ ಬಾಗಿಲಲ್ಲಿ, ತೋರಣ ಕಟ್ಟಿ ಮರೆತ ದಾರದ ತುದಿಗೆ ಕಸದ ಚೀಲದಂಥದೊಂದು ನೇತಾಡುತ್ತಿತ್ತು. ಗುಡಿಸಲು ಪೊರಕೆ ಎತ್ತಿದ ಸೊಸೆಯನ್ನು ಅಜ್ಜಿ ಗದರಿ ನಿಲ್ಲಿಸಿದ್ದರಂತೆ. "ಬಾಣಂತಿ ಮನೆ ಕಣಪ್ಪ ಅದು, ಕೈ ಹಾಕ್ಬಾರ್ದು." ಜೇಡರ ಬಲೆಯ ನೂಲಿನಲ್ಲಿ ನಾರು, ತೊಗಟೆಯ ಚೂರು, ಕಂಬಳಿಹುಳದ ಹಿಕ್ಕೆ ಅಂಟಿಸಿ ಹೆಣೆದ ಗೂಡು. ಪಕ್ಕದಲ್ಲಿ ಬಾಗಿಲು, ಬಾಗಿಲ ಮೇಲೊಂದು ಪುಟ್ಟ ಸೂರು. ಒಳಗಿನಿಂದ ಕೊಕ್ಕೊಂದೇ ಹೊರಗೆ ಚಾಚಿತ್ತು. ಸಾಮಾನ್ಯವಾಗಿ ಎರಡೇ ಮೊಟ್ಟೆ. ಮರಿಗಳಿಗೆ ಜೇನು ಸಾಲದು, ಹುಳವೂ ಜೇಡವೂ ಬೇಕು. ಸೂರಕ್ಕಿಯನ್ನು ಕರೆಯಬೇಕೆಂದು ಸಕ್ಕರೆ ನೀರು ಕಟ್ಟುವವರನ್ನು ಕಂಡಿದ್ದೇನೆ. ನಮ್ಮ ಸೆಕೆಗೆ ಅದು ಬೇಗ ಹುಳಿಯುತ್ತದೆ, ಮೊದಲು ಬರುವುದು ಇರುವೆ. ಅದರ ಬದಲು ಹಿತ್ತಿಲಲ್ಲಿ ನುಗ್ಗೆ, ದಾಸವಾಳ, ಕೇಪಳ ಇರಲಿ, ಔಷಧಿ ಹೊಡೆಯದಿರಿ. ಮೂಲೆಯಲ್ಲಿ ಒಂದೆರಡು ಜೇಡರ ಬಲೆ ಉಳಿದರೆ ಮನೆಯ ಮಾನವೇನೂ ಹೋಗುವುದಿಲ್ಲ.

ಅಜ್ಜಿಯ ಕಾಂಪೌಂಡಿನಲ್ಲಿ ನರ್ಸರಿಯಿಂದ ತಂದ ಹಮೇಲಿಯ ಗಿಡವಿತ್ತು. ಕಿತ್ತಳೆಗೆಂಪಿನ ಸಣ್ಣ ಕೊಳವೆ ಹೂಗಳು ಗೊಂಚಲು ಗೊಂಚಲಾಗಿ ಬಿಟ್ಟಿದ್ದವು. ಅದರ ತವರು ಅಮೆರಿಕ. ಅಲ್ಲಿ ಅದರ ಹೂವಿಗೆ ಮುಗಿಬೀಳುವುದು ಹಮ್ಮಿಂಗ್ ಬರ್ಡ್. ಗಿಡ ಸಮುದ್ರ ದಾಟಿ ಬಂತು, ಹಕ್ಕಿ ಬರಲಿಲ್ಲ. ಖಾಲಿ ಬಿದ್ದ ಆ ಕೆಲಸಕ್ಕೆ ನಮ್ಮವನು ಅರ್ಜಿ ಹಾಕದೆಯೇ ಸೇರಿಕೊಂಡಿದ್ದಾನೆ.

ಇಳಿಹೊತ್ತಿಗೆ ಅದೇ ಗಿಡದ ಮುಂದೆ ಇನ್ನೊಂದು ಜೀವ ಬಂತು. ಎಲ್ಲೂ ಕೂರದೆ, ರೆಕ್ಕೆ ಕಾಣದಷ್ಟು ವೇಗದಲ್ಲಿ ಬಡಿಯುತ್ತ ಹೂವಿಂದ ಹೂವಿಗೆ ಸರಿಯಿತು. ಹಮ್ಮಿಂಗ್ ಬರ್ಡೇ ಬಂತೆಂದು ಜನ ಕೂಗುವುದು ಇದನ್ನು ಕಂಡೂ ಹೌದು. ಹತ್ತಿರ ಹೋದರೆ ತಲೆಯ ಮೇಲೆ ಎರಡು ಮೀಸೆ, ಕೊಕ್ಕಿನ ಜಾಗದಲ್ಲಿ ಉದ್ದನೆಯ ನಾಲಿಗೆ. ಪತಂಗ.

ಹಿಂತಿರುಗಿ ನಂಜನಗೂಡು ತಲುಪಿದಾಗ ಗೋಪುರದ ಸುತ್ತ ಬಾನಾಡಿಗಳು ಕೀಚುಗುಡುತ್ತ ಸುತ್ತುತ್ತಿದ್ದವು. ಮಸಿಗಪ್ಪು ಮೈ, ಬಿಲ್ಲಿನಂಥ ರೆಕ್ಕೆ, ಸೊಂಟಕ್ಕೊಂದು ಬಿಳಿ ಪಟ್ಟಿ. ಚೆಲುವು ಹುಡುಕುವ ಯಾವ ಕ್ಯಾಮೆರಾವೂ ಅವುಗಳತ್ತ ತಿರುಗುವುದಿಲ್ಲ. ಆದರೆ ವಂಶಾವಳಿ ತೆಗೆದರೆ ಹಮ್ಮಿಂಗ್ ಬರ್ಡ್‌ನ ದಾಯಾದಿಗಳು ಇವೇ, ಒಂದೇ ಗಣಕ್ಕೆ ಸೇರಿದವು. ಥಳಕಿನ ಸೂರಕ್ಕಿಗೂ ಅದಕ್ಕೂ ನಂಟಿಲ್ಲ. ಇಬ್ಬರೂ ಹೂವಿನ ಋಣಕ್ಕೆ ಬಿದ್ದು ಒಂದೇ ವೇಷ ತೊಟ್ಟವರು. ಟೀ ಅಂಗಡಿಯ ಹುಡುಗನಿಗೆ ಇದನ್ನು ಹೇಳಿದೆ. ಒಮ್ಮೆ ಗೋಪುರ ನೋಡಿದ, ಒಮ್ಮೆ ನನ್ನ ಮುಖ ನೋಡಿದ. ಸ್ಟೇಟಸ್ ಮಾತ್ರ ತೆಗೆಯಲಿಲ್ಲ.

ಮರುದಿನ ಬೆಳಗ್ಗೆ ಬೈಕಿನ ಎಡಗನ್ನಡಿಗೆ ಹಾಲಿನ ಕವರು ಕಟ್ಟಿದ್ದರು. ಜಗಳಗಂಟ ಅದರ ಮೇಲೆ ಕೂತು, ಕತ್ತು ವಾರೆ ಮಾಡಿ ಎರಡು ಸಲ ಇಣುಕಿದ. ಎದುರಾಳಿ ಇಲ್ಲ. ಚಿಟ್ ಚಿಟ್ ಎಂದು ಗೆದ್ದವನಂತೆ ಕೂಗಿ, ಹಾರಿ, ಬಲಗನ್ನಡಿಯ ಮುಂದೆ ಇಳಿದ. ಅಲ್ಲಿದ್ದ ಅವನು.